ಹನ್ನೊಂದು ಪಾಯಿಂಟ್ ಎರಡು

ಮೂರನೆಯ ಸಲವೂ ಅದೇ ಬಂತು. ಆಸಿಡ್ ಹನಿಸುವ ಬ್ಯುರೆಟ್ಟಿನ ಗೀಟು ಕಣ್ಣಿನ ಸಮಕ್ಕೆ ಬರಲೆಂದು ಮಹಾಂತೇಶ ನೆಲಕ್ಕೆ ಮೊಣಕಾಲೂರಿ ಕೂತಿದ್ದ. ಈಶ್ವರ್ ಅವರ ಮನೆಯ ಹಾಲ್‌ನ ನೆಲದ ಬಿಳಿ ಕಲ್ಲು ಪ್ಯಾಂಟಿನ ಬಟ್ಟೆ ದಾಟಿ ತಣ್ಣಗೆ ಕೊರೆಯುತ್ತಿತ್ತು. ಎರಡು ಮಿಲಿ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಬೀಕರಿನೊಳಗೆ ಮೀನಿನ ತೊಟ್ಟಿಯ ನೀರು ನೀಲಿ ಬಿಟ್ಟು ಗುಲಾಬಿಗೆ ತಿರುಗಿ ನಿಂತಿತ್ತು. ಕಳೆದ ಭಾನುವಾರ ಇದೇ ಹೊತ್ತಿಗೆ, ಇಷ್ಟೇ ನೀರಿಗೆ, ಒಂದೂವರೆ ಮಿಲಿ ಆಸಿಡ್ ಸಾಕಾಗಿತ್ತು. ಲೆಕ್ಕ ಹಾಕಿದರೆ ಎಂಟು ಪಾಯಿಂಟ್ ನಾಲ್ಕು ಡಿಗ್ರಿ ಇದ್ದ ಕ್ಷಾರೀಯತೆ ಏಳೇ ದಿನದಲ್ಲಿ ಹನ್ನೊಂದು ಪಾಯಿಂಟ್ ಎರಡಕ್ಕೆ ಏರಿತ್ತು. ತಾನಾಗಿ ಏರುವಂಥದ್ದಲ್ಲ ಅದು. ತೊಟ್ಟಿಯಲ್ಲಿರುವ ಜೀವಂತ ಹವಳ ಬೆಳೆಯುವುದಕ್ಕೆ ನೀರಿನ ಕ್ಷಾರವನ್ನು ದಿನವೂ ಹೀರುತ್ತದೆ; ಹೀರಿದಷ್ಟನ್ನು ಸೋಡಾ ಪುಡಿ ಕರಗಿಸಿ ದಿನವೂ ತುಂಬಿಕೊಡಬೇಕು; ಎಂಟು ಒಂಬತ್ತರ ನಡುವೆ ಅಲುಗದಂತೆ ನಿಲ್ಲಿಸಬೇಕು. ಇಳಿಯುವುದು ಅದರ ಸ್ವಭಾವ. ಏರಬೇಕಾದರೆ ಯಾರದೋ ಕೈ ಬೇಕು. ಕೈ ಎಂದುಕೊಂಡದ್ದೇ ತಡ, ಅವನ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೊರಳಿತು. ಅಲ್ಲಿ ಯಾರೂ ಇರಲಿಲ್ಲ. ಒಳಗೆ ಪಾತ್ರೆ ತಿಕ್ಕುವ ಸದ್ದು ಮಾತ್ರ ಇತ್ತು.

“ಏನ್ ಬಂತ್ರಿ?” ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಈಶ್ವರ್ ಕೇಳಿದರು.

“ಇನ್ನೊಂದ್ಸಲ ನೋಡ್ತೀನ್ರಿ.”

ಮೂರು ಸಲವೂ ಒಂದೇ ಬಂದಮೇಲೆ ಇನ್ನೊಂದು ಸಲ ನೋಡುವ ಅಗತ್ಯ ಇರಲಿಲ್ಲ. ಆದರೂ ಬೀಕರನ್ನು ತೊಟ್ಟಿಯ ನೀರಿನಿಂದಲೇ ಮೂರು ಬಾರಿ ಗಲಬರಿಸಿ, ಐವತ್ತು ಮಿಲಿ ಅಳೆದು, ಸೂಚಕದ ನಾಲ್ಕು ಹನಿ ಬಿಟ್ಟು, ಮತ್ತೆ ಮೊಣಕಾಲೂರಿದ. ತಾನು ಎಷ್ಟು ಜಾಗರೂಕ ಎಂಬುದನ್ನು ಈಶ್ವರ್ ನೋಡಲಿ ಎಂಬ ಆಸೆಯೂ ಅದರಲ್ಲಿ ಇತ್ತೆಂದು ಅವನಿಗೇ ಗೊತ್ತು. ನಾಲ್ಕು ವರ್ಷದ ಹಿಂದೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಈ ಮನುಷ್ಯ ಸಂಡೂರಿನ ಗುಡ್ಡದ ಮೇಲೆ ಒಂದು ಗಣಿ ಹಿಡಿದು, ಅದಿರು ಕೊಳ್ಳುವವರನ್ನು ಕಾಣಲು ಹಾಂಗ್‌ಕಾಂಗಿಗೆ ಹೋಗಿ ಬಂದಿದ್ದರು. ಅಲ್ಲಿ ಯಾರದೋ ಆಫೀಸಿನ ಗೋಡೆಯಲ್ಲಿ ಸಮುದ್ರವನ್ನೇ ಕಂಡಿದ್ದರಂತೆ. ಡ್ಯಾಮ್ ರಸ್ತೆಯ ಹೊಸ ಮನೆಯ ಹಾಲಿಗೂ ಊಟದ ಕೋಣೆಗೂ ನಡುವೆ ಆರಡಿಯ ಗಾಜಿನ ತೊಟ್ಟಿ ಬಂದದ್ದು ಹಾಗೆ. ಒಳಗೆ ನೀಲಿ ಬೆಳಕು, ಕಿತ್ತಳೆ ಪಟ್ಟೆಯ ಮೀನು, ಎಮ್ಮೆಯ ಕೊಂಬಿನ ಹಾಗೆ ಕವಲೊಡೆದ ಹವಳ, ಹೂವಿನಂತೆ ಅರಳಿ ಮುಚ್ಚುವ ಹವಳ. ತೊಟ್ಟಿ ಕೂರಿಸಿದ ಮದ್ರಾಸಿನವನು ಒಂದು ಪರೀಕ್ಷೆಯ ಕಿಟ್ ಕೊಟ್ಟು ಹೋಗಿದ್ದ. ಈಶ್ವರ್ ಅದನ್ನು ನಂಬಲಿಲ್ಲ. “ಪುಡಿನೂ ಅವಂದ, ಅಳತಿನೂ ಅವಂದ. ಹಿಂಗಾದ್ರ ಹೆಂಗ್ರಿ? ನೀವು ಅದಿರು ಲ್ಯಾಬಿನೋರು, ನೀವು ಅಳೀರಿ,” ಎಂದು ಮಹಾಂತೇಶನನ್ನು ಕರೆಸಿದ್ದರು. ತೂಕದ ಸೇತುವೆಯವನನ್ನು, ಲಾರಿ ಡ್ರೈವರನನ್ನು, ಸ್ವಂತ ಷಡ್ಡಕನನ್ನು ನಂಬದ ಮನುಷ್ಯ ತನ್ನನ್ನು ನಂಬಿದ್ದಾನೆ ಎಂಬುದು ಮಹಾಂತೇಶನಿಗೆ ಒಳಗೊಳಗೇ ಸುಖ ಕೊಟ್ಟಿತ್ತು. ಬಂದ ಅತಿಥಿಗಳಿಗೆಲ್ಲ “ಇವರು ನಮ್ಮ ಮೀನಿನ ಡಾಕ್ಟರ್” ಎಂದು ಅವರು ನಕ್ಕು ಪರಿಚಯಿಸುವಾಗ ಮಾತ್ರ ಆ ಸುಖದಲ್ಲಿ ಸಣ್ಣದೊಂದು ಕಲ್ಲು ಸಿಕ್ಕಂತಾಗುತ್ತಿತ್ತು.

ನಾಲ್ಕನೆಯ ಸಲವೂ ಎರಡು ಮಿಲಿ.

“ಹನ್ನೊಂದು ಪಾಯಿಂಟ್ ಎರಡು ಬಂದೈತ್ರಿ. ಒಂಬತ್ತರ ಒಳಗ ಇರಬೇಕಿತ್ತು.”

“ಅಂದ್ರ?”

“ಯಾರೋ ಬ್ಯಾರೆ ನೀರು ಹಾಕ್ಯಾರ. ಬೋರಿನ ಸವಳು ನೀರು ಬಿದ್ರ ಹಿಂಗ ಏರತೈತಿ.”

ತೊಟ್ಟಿಯ ಪಂಪು ಗುಂಯ್ ಎನ್ನುತ್ತಿತ್ತು. ಆವಿಯಾಗಿ ಕಡಿಮೆಯಾದ ನೀರಿಗೆ ದಿನವೂ ಫಿಲ್ಟರ್ ಕ್ಯಾನಿನ ನೀರು ಹಾಕುತ್ತಿದ್ದವಳು ಮನೆಗೆಲಸದವಳೊಬ್ಬಳೇ. ಆ ಹೆಸರನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವೇ ಇಲ್ಲದ ಹಾಗೆ ಮಾತು ಹೂಡಿದ್ದ. ಈಶ್ವರ್ ಅವರ ಹೆಂಡತಿ ಶಾಂಭವಿ ಮಹಡಿಯ ಮೆಟ್ಟಿಲಿಳಿದು ಬರುತ್ತಿದ್ದವರು ಅಲ್ಲೇ ನಿಂತು, “ಹುಲುಗಮ್ಮಾ” ಎಂದು ಕೂಗಿದರು.

ಹುಲುಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳು ಮೊದಲು ನೋಡಿದ್ದು ಮಹಾಂತೇಶನನ್ನು. ಅವನು ಬ್ಯುರೆಟ್ ತೊಳೆಯುವುದರಲ್ಲಿ ಮುಳುಗಿದ. ಐದು ತಿಂಗಳ ಹಿಂದೆ, ಈ ಮನೆಗೆ ಅವನು ಬಂದ ಮೊದಲ ಭಾನುವಾರ, ಇದೇ ಜಾಗದಲ್ಲಿ, ಈಶ್ವರ್ ಮತ್ತು ಅವರ ಇಬ್ಬರು ಅತಿಥಿಗಳ ಮುಂದೆ ಅವಳು ಚಹದ ತಟ್ಟೆ ಹಿಡಿದು ನಿಂತು, “ಏ ಮಾಂತೇಶಾ! ಲಸ್ಕರ್ ಹನುಮಣ್ಣನ ಮಗ ಅಲ್ಲೇನೋ ನೀ? ಎಷ್ಟು ದೊಡ್ಡಾವಾಗೀಯೋ!” ಎಂದಿದ್ದಳು. ತನ್ನ ತಂದೆ ನೀರಾವರಿ ಇಲಾಖೆಯಲ್ಲಿದ್ದರು ಎಂದು ಮಹಾಂತೇಶ ಆಗಷ್ಟೇ ಹೇಳಿ ಮುಗಿಸಿದ್ದ. ಸುಳ್ಳೇನಲ್ಲ, ಕಾಲುವೆಯ ತೂಬು ಏರಿಸಿ ಇಳಿಸುವ ಲಸ್ಕರನೂ ಇಲಾಖೆಯವನೇ. ಆದರೆ ಅವಳ ಬಾಯಿಂದ ಬಿದ್ದ ಆ ಹೆಸರಿನೊಡನೆ ಕಂಪ್ಲಿಯ ಕೇರಿ, ಕೇರಿಯ ಕೊನೆಯ ಜಾಲಿಗಿಡ, ಗಿಡದ ಪಕ್ಕದ ಅವಳ ಮನೆ, ಆ ಮನೆಯ ಒಂದೇ ಒಂದು ಕರೆಂಟು ದೀಪದಡಿ ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದ ತಾನು, ಎಲ್ಲವೂ ಆ ಬಿಳಿಯ ಕಲ್ಲಿನ ಮೇಲೆ ಬಂದು ನಿಂತಂತಾಗಿತ್ತು. ಅತಿಥಿಗಳಲ್ಲೊಬ್ಬ ಚಹದ ಕಪ್ಪನ್ನು ಎತ್ತಿಕೊಳ್ಳುವಾಗ ಅರೆಕ್ಷಣ ತಡೆದ. ನಿಜವಾಗಿ ತಡೆದನೋ, ತನಗೆ ಹಾಗೆ ಕಂಡಿತೋ? ಅಂದಿನಿಂದ ಅವನು ಆ ಅರೆಕ್ಷಣವನ್ನು ನೂರು ಸಲ ಅಳೆದಿದ್ದ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿತ್ತು. ಅವಳಿಗೆ ಮಾತ್ರ ಅವತ್ತು “ಹ್ಞೂಂ” ಎಂದು ಮುಗುಳ್ನಕ್ಕು, ಯಾರೋ ಪರಿಚಯದವಳೆಂಬಂತೆ ಮುಖ ತಿರುಗಿಸಿದ್ದ.

“ತೊಟ್ಟಿಗೆ ಯಾವ ನೀರು ಹಾಕ್ತೀ ನೀನು?” ಶಾಂಭವಿ ಕೇಳಿದರು.

“ಕ್ಯಾನಿಂದು ಅವ್ವಾರ. ನೀವ ತೋರ್ಸಿದ್ದು.”

“ನಳದ್ದು ಹಾಕಿಲ್ಲ?”

ಅವಳ ಕೈ ಸೆರಗಿನಲ್ಲೇ ನಿಂತಿತು. ಅರೆಕ್ಷಣವೇ. ಮಹಾಂತೇಶ ಅದನ್ನು ಕಂಡ. ತನ್ನ ಸಂಖ್ಯೆಯ ಪಕ್ಕದಲ್ಲಿಟ್ಟುಕೊಂಡ.

“ಇಲ್ಲ ಅವ್ವಾರ,” ಎಂದಳು. ಆಮೇಲೆ ತೊಟ್ಟಿಯ ಕಡೆ ಕೈ ಮಾಡಿ, “ನೋಡ್ರಲ್ಲ, ಹೂವೆಲ್ಲ ಎಷ್ಟು ಚಂದ ಅರಳ್ಯಾವ. ನೀರು ಕೆಟ್ಟಿದ್ರ ಹಿಂಗ ಅರಳತಿದ್ವೇನು? ಏ ತಮ್ಮಾ, ನೀನ ನೋಡಿ ಹೇಳೋ,” ಎಂದಳು.

ತಮ್ಮಾ. ಅವನ ಕಿವಿ ಬಿಸಿಯಾಯಿತು. ಹವಳಗಳು ನಿಜಕ್ಕೂ ಅರಳಿದ್ದವು. ಕ್ಷಾರ ಅಷ್ಟು ಏರಿದ್ದರೆ ತುದಿಗಳಾದರೂ ಸುಟ್ಟಂತಾಗಬೇಕಿತ್ತು. ಅದು ಅವನ ಕಣ್ಣಿಗೆ ಬಿತ್ತು, ಬಿದ್ದದ್ದೂ ತಿಳಿಯಿತು. ಆದರೆ ಅವನ ಬಾಯಿ, “ಕಣ್ಣಿಗೆ ಕಾಣೋದಲ್ಲಮ್ಮ ಇದು. ನಾಕು ಸಲ ನೋಡೀನಿ, ನಾಕೂ ಒಂದೇ ಬಂದೈತಿ,” ಎಂದಿತು. ಅಮ್ಮ ಎಂದಿದ್ದ, ಕೇರಿಯಲ್ಲಿ ಅವಳನ್ನು ಕರೆಯುತ್ತಿದ್ದ ದೊಡ್ಡವ್ವ ಎಂಬುದು ನಾಲಗೆಯ ತುದಿಗೂ ಬರಲಿಲ್ಲ. ಶಾಂಭವಿ ಕೂಗಾಡಲಿಲ್ಲ. “ಲಕ್ಷಗಟ್ಟಲೆ ಸುರಿದದ್ದಕ್ಕ ವಿಷ ಹಾಕಿದಂಗಾತಲ್ಲ,” ಎಂದರು, ಅಷ್ಟೇ. ನಾಳೆಯಿಂದ ಬರಬೇಡ ಎಂದರು. ಹುಲುಗಮ್ಮ ಮತ್ತೊಮ್ಮೆ ಅವನ ಕಡೆ ನೋಡಿದಳು. ಅವನು ಗಾಜಿನ ಕೊಳವೆಯೊಳಗೆ ಬೆಳಕು ಹಾಯಿಸಿ, ಕಲೆ ಉಳಿದಿದೆಯೇ ಎಂದು ನೋಡುತ್ತಿದ್ದ. ಹೊರಡುವಾಗ ಸೋಡಾ ಪುಡಿ ಹಾಕುವುದನ್ನು ನಿಲ್ಲಿಸಲು ಹೇಳಿ ಬಂದ.

ಮುಂದಿನ ಭಾನುವಾರ ಒಂಬತ್ತು ಪಾಯಿಂಟ್ ಆರಕ್ಕೆ ಇಳಿದಿತ್ತು. ಅದರ ಮುಂದಿನ ಭಾನುವಾರ ಎಂಟು ಪಾಯಿಂಟ್ ಒಂದು. ಹುಲುಗಮ್ಮ ಹೋದಳು, ಸಂಖ್ಯೆ ಸರಿಹೋಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಈಶ್ವರ್ ಅವನ ಬೆನ್ನು ತಟ್ಟಿ, “ಗಣಿಯಾಗೂ ನಿಮ್ಮಂಥಾವ ಒಬ್ಬ ಬೇಕ್ರಿ ನನಗ,” ಎಂದರು. ಆದರೆ ಅದೇ ದಿನ ಕೊಂಬಿನ ಹವಳದ ಬುಡದಲ್ಲಿ ಉಗುರಿನಗಲ ಬಿಳಿ ಕಂಡಿತು. ಮಾಂಸ ಸುಲಿದು ಎಲುಬು ಬಿಟ್ಟ ಹಾಗೆ. ಹೂವಿನಂಥವು ಮುದುಡಿ ಮುಷ್ಟಿಯಾಗಿದ್ದವು. ಸಂಖ್ಯೆ ಸರಿ, ಹವಳ ಸಾಯುತ್ತಿದೆ. ಈಶ್ವರ್ ಅವರ ಮುಖದ ನಗು ಮಾಯವಾಯಿತು. “ಅಕಿ ಹೋಗೋ ಮುಂದ ಏನರ ಹಾಕಿ ಹೋದಳೇನ್ರಿ?” ಎಂದರು. ಮದ್ರಾಸಿನವನು ಮತ್ತೆ ಮಾಲು ಮಾರಲು ಹವಳವನ್ನೇ ರೋಗದ್ದು ಕೊಟ್ಟನೇ ಎಂದರು. ಆಮೇಲೆ ಮಹಾಂತೇಶನ ಚೀಲದ ಕಡೆ ನೋಡಿದರು. ಹೊರಡುವಾಗ ಗೇಟಿನಲ್ಲಿ ವಾಚ್‌ಮನ್, “ಸಾಹೇಬ್ರು ಹೇಳ್ಯಾರ್ರಿ, ತಪ್ಪು ತಿಳೀಬ್ಯಾಡ್ರಿ,” ಎನ್ನುತ್ತ ಚೀಲ ಬಿಚ್ಚಿಸಿದ. ಬ್ಯುರೆಟ್, ಬೀಕರು, ಆಸಿಡ್ ಬಾಟಲಿ, ಬೆಳಗಿನ ಇಡ್ಲಿ ಕಟ್ಟಿದ್ದ ಕಾಗದ. ಆಸಿಡ್ ಬಾಟಲಿಯನ್ನು ವಾಚ್‌ಮನ್ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದ. ರಸ್ತೆಯ ಮೇಲೆ ತಾಡಪತ್ರಿ ಹೊದಿಸದ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಕೆಂಪು ಧೂಳು ಅವನ ಅಂಗಿಯ ಮೇಲೆ, ತೆರೆದ ಚೀಲದೊಳಗೆ, ಬಾಟಲಿಯ ಮುಚ್ಚಳದ ಮೇಲೆ ಕೂತಿತು. ಆ ಬಾಟಲಿ ಬೇರೆಯವನ ಕೈಯಲ್ಲಿ ಅಲ್ಲಾಡುವುದನ್ನು ನೋಡುತ್ತಿದ್ದಂತೆ ಮಹಾಂತೇಶನಿಗೆ ಮೊದಲ ಸಲ ಒಂದು ಪ್ರಶ್ನೆ ಹೊಳೆಯಿತು. ತೊಟ್ಟಿಯ ನೀರನ್ನು ಇಷ್ಟು ಸಲ ಪರೀಕ್ಷಿಸಿದೆನಲ್ಲ, ಈ ಬಾಟಲಿಯನ್ನು ಯಾರು ಪರೀಕ್ಷಿಸಿದ್ದಾರೆ?

ಸೋಮವಾರ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋದ. ಶುದ್ಧ ಸೋಡಾ ಬೈಕಾರ್ಬನೇಟಿನ ಡಬ್ಬಿ ತೆಗೆದು, ಇನ್ನೂರೈವತ್ತೆರಡು ಮಿಲಿಗ್ರಾಂ ತೂಗಿ, ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ. ಈ ನೀರಿನಲ್ಲಿ ಕಳ್ಳರಿಲ್ಲ, ಹುಲುಗಮ್ಮನಿಲ್ಲ, ಹವಳವಿಲ್ಲ. ಇದರ ಕ್ಷಾರೀಯತೆ ಎಂಟು ಪಾಯಿಂಟ್ ನಾಲ್ಕು ಬರಲೇಬೇಕು. ಐವತ್ತು ಮಿಲಿ ತೆಗೆದು ಆಸಿಡ್ ಬಿಡತೊಡಗಿದ. ಒಂದೂವರೆ ಮಿಲಿಗೆ ಗುಲಾಬಿ ಆಗಬೇಕು. ಒಂದೂವರೆ ದಾಟಿತು. ಒಂದು ಪಾಯಿಂಟ್ ಏಳು. ನೀರು ನೀಲಿಯಾಗಿಯೇ ನೋಡುತ್ತಿತ್ತು. ಎರಡಕ್ಕೆ ತಿರುಗಿತು. ಹನ್ನೊಂದು ಪಾಯಿಂಟ್ ಎರಡು. ಸ್ಟೂಲಿನ ಮೇಲೆ ಕೂತ. ಮತ್ತೆ ಎದ್ದು ಮಾಡಿದ. ಹನ್ನೊಂದು ಪಾಯಿಂಟ್ ಎರಡು. ಆಸಿಡ್ಡಿನ ಬಲವೇ ಮುಕ್ಕಾಲಷ್ಟು. ಇಷ್ಟು ದಿನ ಒಬ್ಬನೇ ಸುಳ್ಳುಗಾರನನ್ನು ಮತ್ತೆ ಮತ್ತೆ ಕೇಳಿ, ಎಷ್ಟು ಸಲ ಕೇಳಿದರೂ ಒಂದೇ ಉತ್ತರ ಕೊಡುತ್ತಾನಲ್ಲ, ಸತ್ಯವಂತನೇ ಇರಬೇಕು ಎಂದುಕೊಂಡಿದ್ದ.

ಮುಕ್ಕಾಲು ಎಂಬುದು ಎಲ್ಲಿಂದ ಬಂತೆಂದು ಹುಡುಕಬೇಕಾಗಲಿಲ್ಲ. ಹಳೆಯ ಬಾಟಲಿ ಮುಗಿದದ್ದರಿಂದ ಹನ್ನೊಂದು ಪಾಯಿಂಟ್ ಎರಡು ಬಂದ ಭಾನುವಾರದ ಹಿಂದಿನ ಬುಧವಾರ ಹೊಸದು ಮಾಡಲು ನಿಂತಿದ್ದ. ಹತ್ತು ಪಟ್ಟು ಗಟ್ಟಿಯಿದ್ದ ಆಸಿಡ್ಡನ್ನು ಇಪ್ಪತ್ತೈದು ಮಿಲಿಯ ಪಿಪೆಟ್ಟಿನಲ್ಲಿ ನಾಲ್ಕು ಸಲ ತೆಗೆದು ಲೀಟರಿನ ಫ್ಲಾಸ್ಕಿಗೆ ಹಾಕಿ, ಗೀಟಿನವರೆಗೆ ನೀರು ತುಂಬಬೇಕು. ಒಂದು, ಎರಡು, ಮೂರು. ಆಗ ಲ್ಯಾಬಿನ ಮಾಲೀಕ ಮರಿಸ್ವಾಮಿ ಬಾಗಿಲಲ್ಲಿ ತಲೆ ಹಾಕಿ, “ಈಶ್ವರ್ ಅವರ ಲಾಟಿಂದು ಎಷ್ಟು ಬಂತು?” ಎಂದಿದ್ದ. ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಅರವತ್ತೊಂದು ಪಾಯಿಂಟ್ ಎರಡು ಎಂದಿದ್ದ ಮಹಾಂತೇಶ. “ಅರವತ್ಮೂರೂವರಿ ಬರೀರಿ. ಹಡಗು ನಿಂತೈತಿ. ಚೀನಾದಾಗ ಒಲಿಂಪಿಕ್ಸ್ ಮುಗಿಯೋತನ ಅವರಿಗೆ ಎಂಥಾ ಅದಿರಾದ್ರೂ ಬೇಕು, ಯಾರೂ ತಿರುಗಿ ಅಳೆಯಂಗಿಲ್ಲ.” ಅವನು ಕೈ ಒರೆಸಿಕೊಂಡು ಮೇಜಿನ ಹತ್ತಿರ ಹೋಗಿ ಬರೆದ. ಮೊದಲ ಸಲವೇನೂ ಅಲ್ಲ. ಆದರೂ ಪ್ರತಿ ಸಲ ಬರೆದ ಮೇಲೆ ಕೆಲವು ನಿಮಿಷ ಕಿವಿಯೊಳಗೆ ಏನೋ ಮುಚ್ಚಿಕೊಂಡಂತಾಗುತ್ತಿತ್ತು. ಹಾಗೆ ಮುಚ್ಚಿಕೊಂಡ ಕಿವಿಯಲ್ಲೇ ತಿರುಗಿ ಬಂದು ಫ್ಲಾಸ್ಕನ್ನು ಎತ್ತಿ, ಗೀಟಿನವರೆಗೆ ನೀರು ತುಂಬಿ, ಬಾಟಲಿಗೆ ಚೀಟಿ ಅಂಟಿಸಿದ್ದ. ನಾಲ್ಕನೆಯದು ಪಿಪೆಟ್ಟಿಗೆ ಬರಲೇ ಇಲ್ಲ. ಕ್ಷಾರ ಏರಿರಲಿಲ್ಲ. ಎಂಟು ಪಾಯಿಂಟ್ ನಾಲ್ಕೇ ಇತ್ತು. ಸೋಡಾ ನಿಲ್ಲಿಸಿದ್ದರಿಂದ ಅದು ಏಳಕ್ಕೆ ಇಳಿದು, ಆರಕ್ಕೆ ಇಳಿದು, ಹವಳದ ಎಲುಬು ಬಿಟ್ಟಿತ್ತು. ಹಾಕಬಾರದ್ದನ್ನು ಹಾಕಿದವರು ಯಾರೂ ಇರಲಿಲ್ಲ. ಹಾಕಬೇಕಾದ್ದನ್ನು ಹಾಕದವನು ಒಬ್ಬನಿದ್ದ.

ಮೊದಲು ಈಶ್ವರ್‌ಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಬೈಕು ಹತ್ತಿ ಚಿತ್ತವಾಡ್ಗಿಗೆ ಹೋದ. ಹುಲುಗಮ್ಮ ಅಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆಂದು ಕೇಳಿದ್ದ. ಮನೆಗೆ ಬೀಗ ಇತ್ತು. ಪಕ್ಕದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, “ಆ ಲೇಔಟಿನ ನಾಕೂ ಮನ್ಯಾಗ ಕೆಲಸ ಬಿಡಿಸ್ಯಾರ್ರಿ. ಮೀನಿಗೆ ವಿಷ ಹಾಕಿದಳಂತ ಸುದ್ದಿ ಎಬ್ಬಿಸ್ಯಾರ. ಕಮಲಾಪುರದ ಕಡಿ ಬಾಳಿ ತೋಟಕ್ಕ ಹೋಗ್ತಾಳ,” ಎಂದಳು. ಹಂಪಿಗೆ ಹೋಗುವ ದಾರಿಯಲ್ಲಿ ಗಾಳಿ ಎದುರಿಗೆ ಬೀಸುತ್ತಿತ್ತು. ಅವನು ಹೇಳಬೇಕಾದ ಮಾತನ್ನು ಕೂಡಿಸುತ್ತ ಹೋದ. ಪಿಪೆಟ್ಟು ಎಂದರೆ ಅವಳಿಗೆ ತಿಳಿಯದು. ಲೋಟ ಎನ್ನಬೇಕು. ನಾಲ್ಕು ಲೋಟ ಹಾಕುವಲ್ಲಿ ಮೂರು ಹಾಕಿದೆ ಎನ್ನಬೇಕು. ಎಷ್ಟು ಸಣ್ಣ ವಿಷಯ! ಹಾಗೆ ಸಣ್ಣದಾಗಿ ಹೇಳುವುದೂ ಒಂದು ಮೋಸವೇ ಎನ್ನಿಸಿತು.

ಅವಳು ಕಾಲುವೆಯ ಏರಿಯ ಮೇಲೆ ಬಾಳೆಎಲೆಯ ಕಟ್ಟುಗಳ ನಡುವೆ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಬಾಳೆಯ ಸೊನೆಯ ಕಪ್ಪು ಅವಳ ಕೈಗಳಿಗೆ ಹತ್ತಿತ್ತು.

“ಬರ್ರಿ. ಏನ್ರಿ ಇಷ್ಟು ದೂರ ಬಂದೀರಿ?”

ಬರ್ರಿ. ಬಂದೀರಿ. ಅವನು ಕೂಡಿಸಿಕೊಂಡಿದ್ದ ಮಾತೆಲ್ಲ ಆ ಎರಡು ಶಬ್ದಕ್ಕೆ ಚದುರಿಹೋಯಿತು. ಐದು ತಿಂಗಳು ಆ ಮನೆಯ ಹಾಲ್‌ನಲ್ಲಿ ಅವಳ ಬಾಯಿಂದ ಅವನು ಬಯಸಿದ್ದು ಇದನ್ನೇ ಅಲ್ಲವೇ?

“ದೊಡ್ಡವ್ವಾ, ತಪ್ಪು ನಂದು. ನೀರಿನಾಗ ಏನೂ ಇದ್ದಿದ್ದಿಲ್ಲ. ನನ್ನ ಔಷಧಿನ ಸರಿ ಇದ್ದಿದ್ದಿಲ್ಲ. ನೀ ಏನೂ ಮಾಡಿಲ್ಲ.”

ಅವಳು ಕೈಯ ಸೊನೆಯನ್ನು ಹುಲ್ಲಿನಿಂದ ಉಜ್ಜಿಕೊಂಡಳು. ಅದು ಹೋಗುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಇಲ್ಲಿ ಬಾಳಿಗಿಡದ ಮುಂದ ಹೇಳಿದ್ರ ಏನ್ ಬಂತ್ರೀ?” ಎಂದಳು. “ಅಲ್ಲಿ ಹೇಳ್ರಿ. ಎಲ್ಲಿ ಅಂದಿದ್ರೋ ಅಲ್ಲಿ.”

“ಹೇಳ್ತೀನಿ. ಇವತ್ತ ಹೇಳ್ತೀನಿ. ನೀನೂ ಬಾ.”

ಬರುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ. ಬಂದಳು. ಕೈಕಾಲು ತೊಳೆದು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಬೈಕಿನ ಹಿಂದೆ ಕೂತಳು. ಹಿಡಿಯನ್ನು ಹಿಡಿದಳೇ ಹೊರತು ಅವನ ಹೆಗಲನ್ನು ಮುಟ್ಟಲಿಲ್ಲ.

ಈಶ್ವರ್ ಊಟ ಮುಗಿಸಿ ಹಲ್ಲುಕಡ್ಡಿ ಹಿಡಿದು ಕೂತಿದ್ದರು. ಶಾಂಭವಿಯೂ ಇದ್ದರು. ಹುಲುಗಮ್ಮ ಮುಂಬಾಗಿಲ ಹೊಸ್ತಿಲಿನಾಚೆಯೇ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವನಿಗೂ ಅನ್ನಲು ಧೈರ್ಯ ಬರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ನಾಲ್ಕು ಹಾಕುವಲ್ಲಿ ಮೂರು ಹಾಕಿದ್ದು, ಆಸಿಡ್ ಬಲಗುಂದಿದ್ದು, ಸರಿಯಿದ್ದ ನೀರನ್ನು ಕೆಟ್ಟದ್ದೆಂದದ್ದು, ಸೋಡಾ ನಿಲ್ಲಿಸಿ ಹವಳ ಕೊಂದದ್ದು ತಾನೇ ಎಂಬುದು. ಬೆಳಿಗ್ಗೆ ಲ್ಯಾಬಿನಲ್ಲಿ ಕರಗಿಸಿ ತಂದಿದ್ದ ಸೋಡಾ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅವರೆದುರೇ ಪರೀಕ್ಷೆ ಮಾಡಿ ತೋರಿಸಿದ. ಎಂಟು ಪಾಯಿಂಟ್ ನಾಲ್ಕು ಬರಬೇಕಾದಲ್ಲಿ ಹನ್ನೊಂದು ಪಾಯಿಂಟ್ ಎರಡು ಬಂತು. ಇಷ್ಟು ಸ್ಪಷ್ಟವಾಗಿ ಜೀವನದಲ್ಲಿ ಯಾವುದನ್ನೂ ಅವನು ತೋರಿಸಿರಲಿಲ್ಲ.

ಈಶ್ವರ್ ಹಲ್ಲುಕಡ್ಡಿ ತೆಗೆದರು. “ಆ ಬಾಟ್ಲಿ ನೀರು ಮಾಡಿದ್ಯಾರ್ರಿ?”

“ನಾನ ಮಾಡೀನ್ರಿ.”

“ಆಸಿಡ್?”

“ನಾನ.”

“ನೀರೂ ನಿಮ್ಮದ, ಆಸಿಡ್ಡೂ ನಿಮ್ಮದ. ಬೇಕಾದ್ದು ತೋರಸ್ತೀರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವ್ಯವಹಾರ ತಿಳಿದವರ ಸಮಾಧಾನವಿತ್ತು. “ಅಕಿ ಹೋದ ಮ್ಯಾಲೆ ನಂಬರ್ ಇಳೀತಲ್ಲ, ಅದು ಯಾಕ?”

“ಸೋಡಾ ನಿಲ್ಲಿಸಿದ್ದಕ್ಕರಿ.”

ಶಾಂಭವಿ ನಡುವೆ ಬಾಯಿ ಹಾಕಿದರು. “ಇಕಿ ನಿಮ್ಮೂರಾಕಿ ಅಂತಲ್ರಿ? ನಿಮ್ಮ ಕೇರಿ ಅಂತ? ವಾಚ್‌ಮನ್ ಹೇಳಿದ. ಮೊದಲ ಹೇಳಲಿಲ್ಲ ನೀವು.”

ಹೊಸ್ತಿಲಾಚೆ ಹುಲುಗಮ್ಮ ಅಲುಗದೆ ನಿಂತಿದ್ದಳು. ಮಹಾಂತೇಶ, “ಹೌದ್ರಿ, ನಮ್ಮ ಕೇರಿನ,” ಎಂದ. “ಇಕಿ ಮನ್ಯಾಗ ಓದಿ ಪಾಸಾಗೀನಿ. ಆದ್ರ ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ.”

“ಹೆಂಗ ಇರಂಗಿಲ್ಲ?” ಈಶ್ವರ್ ನಕ್ಕರು. “ನೋಡ್ರಿ ಮಹಾಂತೇಶ್, ನನ್ನ ಲಾಟಿನ ನಂಬರ್ ಅರವತ್ತೊಂದಿತ್ತು. ಅರವತ್ಮೂರೂವರಿ ಬರದ್ರಿ. ನಾನ ಮರಿಸ್ವಾಮಿಗೆ ಹೇಳಿ ಬರೆಸಿದ್ದು. ನನಗ ಗೊತ್ತಿಲ್ಲೇನು? ಬರೆಸಿದ್ರ ಬರೆಯೋರು ನೀವು. ಅವತ್ತು ನಾ ಬರೆಸಿದೆ. ಇವತ್ತು ಇಕಿ ಬರೆಸ್ಯಾಳ. ತಪ್ಪಲ್ಲ, ತಮ್ಮೋರಿಗೆ ಎಲ್ಲಾರೂ ಮಾಡ್ತಾರ.”

ಮಹಾಂತೇಶ ಮೇಜಿನ ಮೇಲಿನ ಬಾಟಲಿಗೆ ಮುಚ್ಚಳ ಹಾಕಿದ. ಆ ಬುಧವಾರ ಅರವತ್ಮೂರೂವರೆ ಬರೆದ ಕೈಯೇ ಮೂರಕ್ಕೆ ನಿಂತದ್ದು ಎಂದರೆ ಅದೂ ಕಟ್ಟುಕಥೆಯ ಹಾಗೆಯೇ ಕೇಳಿಸುತ್ತಿತ್ತು. “ಸೋಡಾ ಮತ್ತೆ ಶುರು ಮಾಡ್ರಿ, ಸ್ವಲ್ಪ ಸ್ವಲ್ಪ. ಒಮ್ಮಿಗೇ ಬ್ಯಾಡ. ಉಳಿದವಾದ್ರೂ ಬದುಕ್ತಾವ,” ಎಂದಷ್ಟೇ ಹೇಳಿದ.

“ಮದ್ರಾಸಿನವನ್ನ ಕೇಳ್ತೀನಿ. ಇನ್ನ ನೀವು ಬರೋದು ಬ್ಯಾಡ್ರಿ,” ಎಂದರು ಈಶ್ವರ್.

ಬ್ಯುರೆಟ್ಟನ್ನು ಬಿಚ್ಚಿ, ತೊಳೆಯದೆಯೇ ಚೀಲಕ್ಕೆ ಹಾಕಿಕೊಂಡ. ಗೇಟಿನಲ್ಲಿ ವಾಚ್‌ಮನ್ ಈ ಸಲ ಚೀಲ ನೋಡಲಿಲ್ಲ. ಬೈಕನ್ನು ತಳ್ಳುತ್ತ ಸ್ವಲ್ಪ ದೂರ ಇಬ್ಬರೂ ನಡೆದರು. ಬಿಸಿಲಿತ್ತು. ಡ್ಯಾಮಿನ ಕಡೆಯಿಂದ ಬಂದ ಬಸ್ಸೊಂದು ಅವರ ಮೇಲೆ ಧೂಳು ಎಬ್ಬಿಸಿ ಹೋಯಿತು. ಹುಲುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, “ತಮ್ಮಾ” ಎಂದಳು.

ಅವನು ನಿಂತ.

“ಒಂದ ದಿನ ಕ್ಯಾನ್ ಖಾಲಿ ಆಗಿತ್ತೋ. ಅವ್ವಾರು ಮಲಗಿದ್ರು. ಬಚ್ಚಲದ ನಳದಾಗಿಂದು ಒಂದು ತಂಬಿಗಿ ಹಾಕಿದ್ದೆ. ನೀರ ಅಲ್ಲೇನು, ಏನಾಗತೈತಿ ಅಂತ. ಅವತ್ತು ಕೇಳಿದಾಗ ಬಾಯಿ ಬರಲಿಲ್ಲ. ಆವತ್ತಿಂದ ನನಗ ಅನ್ನ ಸೇರವಲ್ದು. ಪಾಪ, ಬಾಯಿಲ್ಲದ ಜೀವ. ನಾನ ಕೊಂದೆನಲ್ಲಪ್ಪಾ ಅಂತ.”

“ಒಂದು ತಂಬಿಗಿಯಿಂದ ಏನೂ ಆಗಂಗಿಲ್ಲ ದೊಡ್ಡವ್ವಾ. ಆರುನೂರು ಲೀಟರ್ ನೀರೈತಿ ಅದರಾಗ. ಲೆಕ್ಕಕ್ಕೇ ಸಿಗಂಗಿಲ್ಲ ಅದು.”

“ಇರಲಿ ಬಿಡಪ್ಪಾ.”

“ಇರಲಿ ಅಲ್ಲ. ಖರೇನ ಹೇಳಾಕತ್ತೀನಿ. ಕೊಂದದ್ದು ನಾನು. ನಾಕು ಹಾಕೋದು ಮೂರ ಹಾಕಿದೆ.”

ಹುಲುಗಮ್ಮ ಅವನ ಮುಖವನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಎಷ್ಟೋ ವರ್ಷದ ಮೇಲೆ ಕಂಡವನನ್ನು ನೋಡುವ ಹಾಗೆ ನೋಡಿ, “ಭಾಳ ಚಂದ ಹೇಳಿದಿ,” ಎಂದಳು. “ಮೂರು, ನಾಕು, ಎಲ್ಲಾ ಕೂಡಿಸಿ. ಬಾಟ್ಲಿ ನೀರೂ ತಂದು ತೋರಿಸಿದಿ. ಅವರು ನಂಬಲಿಲ್ಲಂದ್ರ ಏನಾತು? ಅಷ್ಟು ದೊಡ್ಡ ಮಂದಿ ಮುಂದ ನನ್ನ ಸಲುವಾಗಿ ತಪ್ಪು ಮೈಮ್ಯಾಲೆ ಹಾಕ್ಕೊಂಡಿ. ನಿನ್ನ ಕೆಲಸ ಹೋತು. ನಾ ನಿನ್ನ ಏನೇನೋ ಅಂದ್ಕೊಂಡಿದ್ದೆನೋ ತಮ್ಮಾ. ಹೊಟ್ಟಿಗೆ ಹಾಕ್ಕೋ.”

“ಇಲ್ಲ ದೊಡ್ಡವ್ವಾ, ಸುಳ್ಳಲ್ಲ ಅದು.”

“ನಡಿ, ಬಿಸಿಲು ಭಾಳ ಐತಿ,” ಎಂದು ಅವಳು ಬೈಕಿನ ಹಿಂದೆ ಕೂತಳು. ಈ ಸಲ ಅವನ ಹೆಗಲು ಹಿಡಿದುಕೊಂಡಳು. ದಾರಿಯಲ್ಲಿ ಎರಡು ಸಲ ಹೇಳಲು ನೋಡಿದ; ಎರಡು ಸಲವೂ ಲ್ಯಾಬು, ಪಿಪೆಟ್ಟು, ಫ್ಲಾಸ್ಕಿನ ಗೀಟು ಎಂದು ಬಿಡಿಸಿ ಬಿಡಿಸಿ ಹೇಳಿದ. ಅವಳು ಹ್ಞೂಂ ಹ್ಞೂಂ ಎನ್ನುತ್ತ ಹೆಗಲು ತಟ್ಟಿದಳು. ಕೆಲವು ದಿನಗಳ ಮೇಲೆ ಮದ್ರಾಸಿನವನು ಬಂದು ಅಳೆದು, ಕ್ಷಾರ ಆರಕ್ಕಿಂತ ಕೆಳಗಿದೆ ಎಂದು ಪುಡಿ ಹಾಕಿಸಿದನೆಂದೂ, ಅರ್ಧ ಹವಳ ಉಳಿಯಿತೆಂದೂ ವಾಚ್‌ಮನ್‌ನಿಂದ ಅವನಿಗೆ ತಿಳಿಯಿತು. ಅದನ್ನೂ ಒಂದು ದಿನ ಹೋಗಿ ಅವಳಿಗೆ ಹೇಳಿದ. ಅದನ್ನೂ ಅವಳು ಹಾಗೆಯೇ ತಲೆದೂಗಿ ಕೇಳಿದಳು.

ಆ ಮಧ್ಯಾಹ್ನ ಚಿತ್ತವಾಡ್ಗಿಯ ಓಣಿಯಲ್ಲಿ ಬೈಕು ನಿಂತಾಗ ಪಕ್ಕದ ಹೆಂಗಸು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಜೊತೆಗೆ ಇನ್ನೂ ಇಬ್ಬರಿದ್ದರು. ಹುಲುಗಮ್ಮ ಇಳಿಯುತ್ತಲೇ, ಅವನ ಕೈ ಬಿಡದೆ, “ನೋಡ್ರೆವ್ವಾ, ಹನುಮಣ್ಣನ ಮಗ. ನನ್ನ ಮರ್ಯಾದಿ ಉಳಿಸಿ ಬಂದಾನ. ತಪ್ಪು ತನ್ನದ ಅಂತ ಹೇಳಿದ, ಅವರ ಮನ್ಯಾಗ ನಿಂತು,” ಎಂದಳು. ಮಹಾಂತೇಶ, “ತಪ್ಪು ನಂದ ಐತ್ರಿ. ಖರೇನೂ ನಂದ,” ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವಳೊಬ್ಬಳು, “ಹಿಂಗ ಅನ್ನಾಕೂ ದೊಡ್ಡ ಮನಸು ಬೇಕು ಬಿಡಪ್ಪಾ,” ಎಂದಳು. ಅವನು ಮತ್ತೆ, ಈ ಸಲ ಸ್ವಲ್ಪ ಜೋರಾಗಿ, “ನಾನ ಮಾಡಿದ್ದು,” ಎಂದ. ಅವರು ಮೆಚ್ಚಿಕೊಂಡು ನಕ್ಕರು. ಯಾರೋ ಒಳಗಿನಿಂದ ಕುರ್ಚಿ ತಂದು ಹಾಕಿದರು. ಅದರ ಮೇಲಿನ ಧೂಳನ್ನು ಹುಲುಗಮ್ಮ ತನ್ನ ಸೆರಗಿನಿಂದ ಒರೆಸಿದಳು. ಅವನು ಕೂತ. ಚಹ ಬಂತು. ಬೇಡ ಎನ್ನಲಾಗಲಿಲ್ಲ, ಎಲ್ಲರೂ ನೋಡುತ್ತಿದ್ದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದ.